ಮ್ಯಾಡ್ಜ್ ಕಡೆಯವರು

ಮೇಜಿನ ಮೇಲೆ ಮೇಕೆಯ ಕೂದಲಿನ ಗುಡ್ಡೆ. ನಾನು ಈಚೆ ಕಡೆ, ಕನ್ಸೆಪ್ಟಾ ಆಚೆ ಕಡೆ. ಗಂಟು ಕಟ್ಟಿದ ಕೂದಲನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ, ಕೋಲಿನಿಂದ ಬಡಿದು ಧೂಳು ಉದುರಿಸಿ, ಬುಟ್ಟಿಗೆ ಹಾಕುತ್ತಿದ್ದೆವು. ಸುಣ್ಣದ ಗಾರೆಗೆ ಕೂದಲು ಬೆರೆಸದಿದ್ದರೆ ಒಣಗಿದ ಮೇಲೆ ಗೋಡೆ ಬಿರುಕು ಬಿಡುತ್ತದೆ. ಗಂಟು ಹಾಗೇ ಉಳಿದರೂ ಕಷ್ಟ, ಆ ಜಾಗದಲ್ಲಿ ಗಾರೆ ಕಳಚಿಕೊಳ್ಳುತ್ತದೆ. ಬೇರೆ ದಿನವಾಗಿದ್ದರೆ ಕನ್ಸೆಪ್ಟಾಳ ಬಾಯಿ ಅವಳ ಕೈಗಿಂತ ಜೋರಾಗಿ ಓಡುತ್ತಿತ್ತು. ಅವತ್ತು ಕೋಲಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮುಂಚೆ ಗಾರೆ ಕಲಸುವ ಟಿಮ್ ಬಾಗಿಲಲ್ಲಿ ತಲೆ ಹಾಕಿದ್ದ. "ಕೂದ್ಲು ಸಾಲಲ್ಲ ಕಣ್ರಮ್ಮ, ಇನ್ನೊಂದು ಬುಟ್ಟಿ ಬೇಕು" ಅಂದಿದ್ದ.

ಕನ್ಸೆಪ್ಟಾ ತಲೆ ಎತ್ತದೆ, "ಸಾಲ್ದಿದ್ರೆ ಮ್ಯಾಡ್ಜ್ ಟೂಹೀನ ಕೇಳ್ಹೋಗು. ಅವಳ್ದು ಚರ್ಚ್ ಗೇಟಲ್ಲಿ ರಾಶಿ ಬಿದ್ದಿತ್ತಂತಲ್ಲ" ಎಂದಳು.

ಆಡಿದ ಮೇಲೆ ಅವಳಿಗೆ ನೆನಪಾಯಿತು, ಎದುರಿಗೆ ಕೂತವಳು ಯಾರೆಂದು. ಟಿಮ್ ನಗುತ್ತಿದ್ದವನು ನಗುವನ್ನು ಅರ್ಧಕ್ಕೇ ನುಂಗಿಕೊಂಡು ಮರೆಯಾದ. ಕನ್ಸೆಪ್ಟಾಳ ಕುತ್ತಿಗೆಯಿಂದ ಕಿವಿಯವರೆಗೂ ಕೆಂಪು ಏರಿತು. ನಾನು ಒಂದು ಗಂಟು ತೆಗೆದುಕೊಂಡು ಬಿಡಿಸತೊಡಗಿದೆ. ನಾಚಬೇಕಾದವಳು ಅವಳು, ಆದರೆ ನನ್ನ ಮುಖವೂ ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

ಮ್ಯಾಡ್ಜ್ ಟೂಹಿ ನನ್ನ ಅಜ್ಜಿಯ ಅಮ್ಮ.

ಇಂಗ್ಲಿಷರ ಸೈನ್ಯ ನಮ್ಮ ಬಾಲಿನಾರಾ ಬಿಟ್ಟು ಹೋಗುವುದಕ್ಕೆ ಹಿಂದಿನ ವಸಂತದ ಮಾತು. ಅವಳಿಗೆ ಹದಿನೆಂಟು. ನಾವು ಗಾರೆ ಬಳಿಯುತ್ತಿದ್ದ ಇದೇ ಬ್ಯಾರಕ್ಸಿನ ಬಟ್ಟೆ ಒಗೆಯುವ ಮನೆಯಲ್ಲಿ ಸಿಪಾಯಿಗಳ ಅಂಗಿ ಒಗೆಯುತ್ತಿದ್ದಳು. ಶತ್ರುವಿನ ಚಾಕರಿ ಮಾಡುತ್ತಾಳೆಂದು ಒಂದು ಸಂಜೆ ಹುಡುಗರು ಅವಳನ್ನು ಹಿಡಿದು, ಚರ್ಚಿನ ಗೇಟಿಗೆ ಕಟ್ಟಿ, ಕುರಿ ಉಣ್ಣೆ ತೆಗೆಯುವ ಕತ್ತರಿಯಿಂದ ತಲೆ ಬೋಳಿಸಿದರು. ಸ್ವಾತಂತ್ರ್ಯಕ್ಕೆಂದು ಬಂದೂಕು ಹಿಡಿದವರನ್ನು ನಮ್ಮೂರಿನಲ್ಲಿ ಈಗಲೂ ಹುಡುಗರು ಎಂದೇ ಕರೆಯುತ್ತೇವೆ. ಅವರೆಲ್ಲ ಮುದುಕರಾಗಿ ಸತ್ತು ಎಷ್ಟೋ ಕಾಲವಾಯಿತು. ಅವಳನ್ನು ಮಾತ್ರ ಊರು ಬೋಳಿ ಎಂದಿತು, ಕೂದಲು ಮತ್ತೆ ಬೆಳೆದು ಸೊಂಟದವರೆಗೆ ಬಂದ ಮೇಲೂ.

ಇದನ್ನು ನನಗೆ ಮನೆಯಲ್ಲಿ ಯಾರೂ ಹೇಳಲಿಲ್ಲ. ಮನೆಯಲ್ಲಿ ಇದ್ದದ್ದು ಬೇರೆಯೇ ಒಂದು ಪದ್ಧತಿ. ನಮ್ಮ ಮನೆಯ ಹೆಂಗಸರು ಕೂದಲು ಕತ್ತರಿಸಿಕೊಳ್ಳಲು ಹೊರಗೆ ಹೋಗುವುದಿಲ್ಲ. ಅಜ್ಜಿ ತನ್ನ ಕೂದಲನ್ನು ತಾನೇ ಅಡುಗೆಮನೆಯ ಕಿಟಕಿ ಮುಂದೆ ನಿಂತು ಕತ್ತರಿಸಿಕೊಳ್ಳುತ್ತಾಳೆ. ನನ್ನದನ್ನೂ ಅವಳೇ. ಯಾಕೆಂದು ಗೊತ್ತಾದದ್ದು ಸ್ಕೂಲಿನಲ್ಲಿ, ಊರಿನ ಚರಿತ್ರೆ ಕೇಳಿ ತಿಳಿದುಕೊಂಡು ಬನ್ನಿ ಎಂದು ಟೀಚರು ಹೇಳಿದ ವಾರ, ಒಬ್ಬ ಹುಡುಗಿಯ ಬಾಯಿಂದ. ಆಮೇಲೆ ಸ್ಕೂಲಿಗೆ ಹೋಗುವುದು ಕಮ್ಮಿಯಾಗುತ್ತ ಬಂತು. ಹದಿನಾರು ತುಂಬಿದ ಕೂಡಲೇ ನಿಲ್ಲಿಸಿದೆ.

ಬ್ಯಾರಕ್ಸ್ ಕೂಡ ಹಾಳು ಬಿದ್ದಿತ್ತು. ಇಂಗ್ಲಿಷರು ಹೋದ ಮೇಲೆ ಹುಡುಗರು ತಮ್ಮತಮ್ಮಲ್ಲೇ ಎರಡಾಗಿ ಬಡಿದಾಡಿಕೊಂಡು ಅದಕ್ಕೆ ಬೆಂಕಿ ಇಟ್ಟಿದ್ದರು. ಅಂದಿನಿಂದ ಸೂರಿಲ್ಲದೆ ನಿಂತ ಗೋಡೆಗಳ ಮಧ್ಯೆ ದನ ಮೇಯುತ್ತಿದ್ದವು. ಊರಿನವರು ಸಮಿತಿ ಮಾಡಿಕೊಂಡು ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟಾಗ, ಕೆಲಸವಿಲ್ಲದ ನಮ್ಮಂಥವರಿಗೆ ಗಾರೆ ಕೆಲಸ ಕಲಿಸುವುದಾಗಿ ಹೇಳಿದರು. ನಾನು ಸೇರಿಕೊಂಡೆ. ಗೋಡೆಗೆ ಗಾರೆ ಬಳಿಯುವಾಗ ಮುಖ ಗೋಡೆಯ ಕಡೆಗೇ ಇರುತ್ತದೆ. ನನಗೆ ಅದು ಹಿಡಿಸಿತು.

ಸಮಿತಿಯ ಅಧ್ಯಕ್ಷರು ಡೊನಲ್ ಹ್ಯಾಸೆಟ್, ಹಾಲಿನ ಡೇರಿಯ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು. ಒಳ್ಳೆಯ ಮನುಷ್ಯ. ಅವರ ತಾತ ಜೆರೋಮ್ ಹ್ಯಾಸೆಟ್ ಹೆಸರು ಹುಡುಗರ ನೆನಪಿಗೆ ಬ್ಯಾರಕ್ಸಿನ ಗೇಟಿನಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ಎಲ್ಲಕ್ಕಿಂತ ಮೇಲಿದೆ. ಪ್ರಾರಂಭದ ದಿನ ದೊಡ್ಡ ಹಜಾರದ ಒಲೆಯಲ್ಲಿ ಬೆಂಕಿ ಹಾಕುವುದು, ಇಲ್ಲಿ ಇದ್ದವರು, ದುಡಿದವರು, ಸೆರೆಯಲ್ಲಿ ಕೊಳೆತವರು ಎಲ್ಲರ ಹೆಸರು ಕೂಗುವುದು, ಹೆಸರು ಕೇಳಿದ ಮನೆಯವರು ಎದ್ದು ಬಂದು ಜೌಗು ನೆಲದಿಂದ ಕಡಿದು ಒಣಗಿಸಿದ ಒಂದೊಂದು ಟರ್ಫ್ ಹೆಂಟೆಯನ್ನು ಬೆಂಕಿಗೆ ಇಡುವುದು, ಇದು ಅವರದೇ ಯೋಚನೆ. ಹಿಂದೆ ಸ್ಕೂಲಿನ ಒಲೆಗೆ ಪ್ರತಿ ಮಗುವೂ ಮನೆಯಿಂದ ಜೌಗಿನ ಹೆಂಟೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿತ್ತಲ್ಲ, ಹಾಗೆ.

ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಮನೆಯಲ್ಲಿ ನಾನು ಮತ್ತು ಅಜ್ಜಿ ಇಬ್ಬರೇ. ಅಮ್ಮ ಲಿಮೆರಿಕ್‌ನಲ್ಲಿ ನರ್ಸು.

"ಹಿಂಗೇ ಹೋಗ್ತಿದ್ದೆ ಮಿಸೆಸ್ ಲೇಸಿ. ಒಂದ್ನಿಮಿಷ ಮಾತಾಡಿಸ್ಕೊಂಡು ಹೋಗೋಣ ಅಂತ."

"ಬಾರಪ್ಪ ಡೊನಲ್. ಟೀ ಹಾಕ್ತೀನಿ ಕೂತ್ಕೋ."

"ಅಯ್ಯೋ ಬೇಡ ಬೇಡ, ಈಗಷ್ಟೇ ಕುಡ್ಕೊಂಡು ಬಂದೆ."

"ಒಂದು ಕಪ್ಪು."

"ಬೇಡಿ, ಸುಮ್ನೆ ನಿಮ್ಗೆ ತೊಂದ್ರೆ."

"ತೊಂದ್ರೆ ಏನು ಬಂತು, ನೀರು ಕುದೀತಾನೇ ಇದೆ."

"ಹಂಗಾದ್ರೆ ಅರ್ಧ ಕಪ್ಪು ಸಾಕು."

ಅರ್ಧ ಕಪ್ಪು ಎಂದರೆ ಎರಡು ಕಪ್ಪು ಮತ್ತು ದ್ರಾಕ್ಷಿ ಕೇಕಿನ ದಪ್ಪ ತುಂಡು. ನಮ್ಮೂರಿನಲ್ಲಿ ಮೊದಲನೇ ಬೇಡಕ್ಕೆ ಬೆಲೆಯಿಲ್ಲ, ಎರಡನೆಯದಕ್ಕೂ ಇಲ್ಲ. ಮೊದಲ ಸಲಕ್ಕೇ ಹೂಂ ಅಂದವನು ಹೊಟ್ಟೆಬಾಕ. ಮೂರನೇ ಸಲ ಕೇಳದವಳು ಜಿಪುಣಿ.

ಮಳೆಯ ಮಾತಾಯಿತು, ಆ ವಾರ ಸತ್ತವರ ಮಾತಾಯಿತು, ಅಜ್ಜಿಯ ಮೊಣಕಾಲಿನ ಮಾತಾಯಿತು. ಆಮೇಲೆ ಡೊನಲ್ ಕಪ್ಪನ್ನು ಕೆಳಗಿಟ್ಟರು.

"ಮಿಸೆಸ್ ಲೇಸಿ, ಆ ದಿನ ನಿಮ್ಮಮ್ಮನ ಹೆಸರೂ ಕೂಗ್ಬೇಕು ಅಂತ ನನ್ನಾಸೆ."

ಕೇಕಿಗೆ ಇಳಿದಿದ್ದ ಅಜ್ಜಿಯ ಚಾಕು ನಡುವೆ ನಿಂತಿತು.

"ಬೇಡಪ್ಪ" ಅಂದಳು.

"ನಮ್ಮ ತಾತ ಮಾಡಿದ್ದು ನಂಗೊತ್ತು. ಆ ಕತ್ತರಿ ನಮ್ಮ ಕೊಟ್ಟಿಗೇಲೇ ನೇತಾಡ್ತಿತ್ತು. ಏನೂ ಗೊತ್ತಿಲ್ದೆ ನಾನು ಅದ್ರಲ್ಲೇ ಕುರಿ ಕತ್ತರಿಸಿದೀನಿ. ಸಾಯೋಕೆ ಮುಂಚೆ ಅಪ್ಪ ಬಾಯಿ ಬಿಟ್ರು. ಅವತ್ತಿಂದ ಗೇಟಿನ ಕಲ್ಲಿನ ಕಡೆ ನೋಡ್ದೇನೇ ಒಳಗೆ ಹೋಗ್ತೀನಿ. ಊರವರೆಲ್ಲರ ಮುಂದೆ ಕ್ಷಮೆ ಕೇಳ್ಬೇಕು ನಾನು."

"ಕೇಕು ಇನ್ನೊಂದು ಚೂರು ತಗೋ."

"ನೀವೇನೂ ಮಾತಾಡೋದು ಬೇಡ. ಹೆಸರು ಕರೀತೀನಿ, ಎದ್ದು ಬಂದು ಒಂದು ಹೆಂಟೆ ಇಟ್ರೆ ಸಾಕು."

"ಬೇಡ ಡೊನಲ್. ಹಳೇದೆಲ್ಲ ಈಗ್ಯಾಕೆ?"

"ನಿಮ್ಮಮ್ಮ ತಲೆ ತಗ್ಸೋ ಅಂಥದ್ದೇನೂ ಮಾಡ್ಲಿಲ್ಲ. ತಗ್ಸ್ಬೇಕಾದೋರು ನಾವು. ಆಗ್ಲಿ ಅನ್ನಿ ಮಿಸೆಸ್ ಲೇಸಿ."

ಅಜ್ಜಿ ಕೈಗೆ ಕೆಲಸ ಬೇಕೆಂದು ಟೀ ಪಾತ್ರೆ ಎತ್ತಿ ಅವರ ಕಪ್ಪಿಗೆ ಬಗ್ಗಿಸಿದಳು. ಡೊನಲ್ ಆ ಕಪ್ಪನ್ನು ನೋಡಿದರು. ಅವರ ಮುಖದ ಬಿಗಿಯೆಲ್ಲ ಸಡಿಲವಾಯಿತು. ಅಜ್ಜಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಅಂದರು. ಟೀ ಪೂರ್ತಿ ಕುಡಿದು ಹೋದರು.

ಕಾರಿನ ಸದ್ದು ದೂರವಾದ ಮೇಲೆ ಅಜ್ಜಿ ಕೇಳಿದಳು, "ಏನಂತ ತಿಳ್ಕೊಂಡು ಹೋದ ಅವ್ನು?"

"ನೀನು ಒಪ್ಕೊಂಡೆ ಅಂತ."

"ಬೇಡ ಅಂದೆನಲ್ಲೇ! ಎರಡು ಸಲ ಅಂದೆ!"

"ಎರಡೇ ಸಲ ಅಂದಿದ್ದು ಅಜ್ಜಿ."

ಅವಳು ಕುರ್ಚಿಯಲ್ಲಿ ಕುಸಿದಳು. ಬಹಳ ಹೊತ್ತು ಮೇಜಿನ ಮೇಲಿನ ಚೂರುಗಳನ್ನು ಬೆರಳ ತುದಿಯಿಂದ ಒಂದೆಡೆ ಕೂಡಿಸುತ್ತ ಕೂತಳು.

"ಅವ್ನ ಹೊರೆ ಇಳಿಸ್ಕೊಳ್ಳೋಕೆ ನನ್ನ ತಲೇನೇ ಬೇಕಾಗಿತ್ತಾ? ನಮ್ಮಮ್ಮ ಸಾಯೋತನಕ ಚರ್ಚಲ್ಲಿ ಕೊನೇ ಬೆಂಚು ಬಿಟ್ಟು ಮುಂದಕ್ಕೆ ಬರ್ಲಿಲ್ಲ. ಮದ್ವೆ ಆದ್ಮೇಲೆ ನಾನು ಒಂದೆರಡು ಬೆಂಚು ಮುಂದೆ ಬಂದೆ. ನಿಮ್ಮಮ್ಮ ಇನ್ನೆರಡು. ಹಿಂಗೇ ಇಷ್ಟಿಷ್ಟೇ ಜರಗಿಕೊಂಡು ಬಂದಿದೀವಿ, ಯಾರೂ ನೋಡ್ದಂಗೆ. ಈಗ ಇವ್ನು ಎಬ್ಬಿಸಿ ನಿಲ್ಲಿಸ್ತಾನಂತೆ. ಅವ್ನಿಗೆ ಕ್ಷಮೆ ಸಿಗುತ್ತೆ, ಬೆನ್ನು ತಟ್ಟಿಸ್ಕೊಂಡು ಮನೆಗೆ ಹೋಗ್ತಾನೆ. ನಂಗೆ ಸಿಗೋದು ಏನು? ಬೋಳಿ ಮಗಳು ಇವ್ಳೇನಾ ಅಂತ ಗೊತ್ತಿಲ್ದೋರ್ಗೂ ಗೊತ್ತಾಗುತ್ತೆ."

ಗೊತ್ತಿಲ್ಲದವರು ಯಾರೂ ಇಲ್ಲ ಎಂದು ನಾನು ಹೇಳಲಿಲ್ಲ. ಮೇಕೆ ಕೂದಲಿನ ಮಾತನ್ನೂ ಹೇಳಿರಲಿಲ್ಲ.

"ನೀನು ದಿನಾ ನೋಡ್ತೀಯಲ್ಲ ಅವ್ನನ್ನ. ಹೇಳ್ಬಿಡು. ನಮ್ಮಜ್ಜಿ ಬೇಡ ಅಂದ್ರೆ ಬೇಡ ಅಂತ. ನನ್ನಿಂದಾಗಲ್ಲ, ಮನೆಗೆ ಬಂದೋನ ಮುಖದ ಮೇಲೆ ಹೊಡ್ದಂಗೆ ಮಾತಾಡೋಕೆ ನಂಗೆ ಬರಲ್ಲ."

"ಹೂಂ" ಅಂದೆ.

ನನಗಂತೂ ಅದು ಮೊದಲೇ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹೇಳಬೇಕೆಂದು ಹೋದೆ. ಡೊನಲ್ ಸುತ್ತ ಯಾವಾಗಲೂ ಜನ. ಬಡಗಿ, ಕರೆಂಟಿನವನು, ಕೌನ್ಸಿಲಿನಿಂದ ಬಂದವರು. ದೂರದಲ್ಲಿ ನಿಂತು ಅವರ ಬೆನ್ನು ನೋಡಿಕೊಂಡು ವಾಪಸ್ ಬರುತ್ತಿದ್ದೆ. ಊರಿನಲ್ಲಿ ಮಾತು ಹಬ್ಬಿತ್ತು. ಕನ್ಸೆಪ್ಟಾ ಒಂದು ದಿನ ನನ್ನ ಪಕ್ಕ ಬಂದು ನಿಂತಳು.

"ಅವತ್ತಿನ ಮಾತು ಮನಸಲ್ಲಿಟ್ಕೋಬೇಡ ಕಣೇ. ನನ್ನ ನಾಲ್ಗೆಗೆ ಎಲುಬಿಲ್ಲ. ನನ್ನ ಗಂಡ ಸತ್ತಿದ್ದೂ ಅದಕ್ಕೇ ಅಂತಾರೆ ಜನ."

ನನಗೆ ನಗು ಬಂತು. ಅವಳಿಗೆ ಜೀವ ಬಂದ ಹಾಗಾಯಿತು.

"ನಿಮ್ಮಜ್ಜಿ ಒಪ್ಕೊಂಡ್ರಂತೆ? ಗಟ್ಟಿ ಹೆಂಗಸು ಬಿಡು. ನಾನಾಗಿದ್ರೆ ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ. ಅವ್ರಿಗೆ ಅಂತ ಮುಂದೆ ಒಳ್ಳೇ ಜಾಗ ಹಿಡ್ದಿಟ್ಟಿರ್ತೀನಿ."

ಇಲ್ಲ, ಒಪ್ಪಿಲ್ಲ ಎನ್ನಲು ಅದೊಂದು ಒಳ್ಳೆಯ ಸಮಯವಾಗಿತ್ತು. ಕನ್ಸೆಪ್ಟಾಳಿಗೆ ಹೇಳಿದ್ದರೆ ಸಂಜೆಯೊಳಗೆ ಡೊನಲ್ ಕಿವಿಗೂ ಬೀಳುತ್ತಿತ್ತು. ನಾನು ಕರಣೆ ತೊಳೆಯುತ್ತ ನಿಂತೆ.

ಕೊನೆಗೆ ಅವರೇ ಸಿಕ್ಕಿದರು, ಒಬ್ಬರೇ. ನಾನು ಬಟ್ಟೆ ಒಗೆಯುವ ಮನೆಯಲ್ಲಿದ್ದೆ. ಹೊಸದಾಗಿ ಗಾರೆ ಬಳಿದ ಗೋಡೆ ಬೇಗ ಒಣಗಬಾರದೆಂದು ಅದರ ಮುಂದೆ ತೂಗುಬಿಟ್ಟಿದ್ದ ಗೋಣಿತಾಟುಗಳಿಗೆ ನೀರು ಚಿಮುಕಿಸುತ್ತಿದ್ದೆ. ಆ ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನಾನೊಬ್ಬಳೇ ಮಾಡಿದ್ದು. ಡೊನಲ್ ಒಳಗೆ ಬಂದು ಹಳೆಯ ಹಂಡೆಯ ಕಟ್ಟೆಯ ಮೇಲೆ ಕೈಯಿಟ್ಟು ನಿಂತರು.

"ಇಲ್ಲೇ ಅಲ್ವಾ ಅವ್ರು ದುಡೀತಿದ್ದದ್ದು. ನೀನೇ ಈ ಗೋಡೆ ಮಾಡಿದ್ದು ಎಷ್ಟು ಚೆನ್ನಾಗಾಯ್ತು."

ಹೇಳಬೇಕಾದ ಮಾತು ನನ್ನ ಹಲ್ಲಿನ ಹಿಂದೆ ಸಿದ್ಧವಾಗಿ ನಿಂತಿತ್ತು. ಅಜ್ಜಿ ಬೇಡ ಅಂದ್ರು. ಇಷ್ಟೇ.

"ನಿಮ್ಮಜ್ಜೀದು ದೊಡ್ಡ ಮನಸ್ಸು ಕ್ಲೀನಾ. ಆ ಟೀ ಕುಡ್ದು ಬಂದ ದಿನ ನಾನು ಮಗು ಥರ ನಿದ್ದೆ ಮಾಡ್ದೆ. ಎಷ್ಟು ವರ್ಷ ಆಗಿತ್ತೋ ಹಂಗೆ ಮಲಗಿ." ಮುಖ ತಿರುಗಿಸಿ ಮೂಗು ಒರೆಸಿಕೊಂಡರು. "ನೀನೇನೋ ಹೇಳೋಕೆ ಬಂದಂಗಿತ್ತು ಮೊನ್ನೆ?"

"ಏನಿಲ್ಲ" ಅಂದೆ. "ಗೋಣಿ ಒಣಗ್ತಾ ಇದೆ. ನೀರು ಹಾಕ್ಬೇಕು."

ಹೆದರಿಕೆ ಒಂದೇ ಅಲ್ಲ. ಅವರು ಹೇಳಲಿ ಎಂದು ಒಳಗೊಳಗೇ ನನಗೂ ಆಸೆಯಿತ್ತು. ಇಡೀ ಊರು ಕೂತಿರುವಾಗ, ಹ್ಯಾಸೆಟ್ ಮನೆಯವರ ಬಾಯಿಂದಲೇ, ಗಟ್ಟಿಯಾಗಿ. ಆ ಸ್ಕೂಲಿನ ಹುಡುಗಿಯೂ ಕೇಳಿಸಿಕೊಳ್ಳಲಿ. ನನಗೆ ಬೇಕಾದ ಮಾತಿಗೆ ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಬೇಕಾಗುತ್ತದೆ ಎಂದು ಗೊತ್ತಿದ್ದೂ ಗೋಣಿಗೆ ನೀರು ಹಾಕುತ್ತಲೇ ಇದ್ದೆ.

ಪ್ರಾರಂಭದ ಹಿಂದಿನ ದಿನ ಅಜ್ಜಿ ಇಸ್ತ್ರಿ ಮಾಡುತ್ತಿದ್ದಳು.

"ಹೇಳಿದ್ಯಾ ಅವ್ನಿಗೆ?"

"ಹೂಂ."

"ಏನಂದ?"

"ಆಗ್ಲಿ ಅಂದ್ರು."

ಎರಡನೇ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು. ಅಜ್ಜಿ ನಿಟ್ಟುಸಿರು ಬಿಟ್ಟಳು. ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿ, "ಹಂಗಾದ್ರೆ ಬರ್ತೀನಿ. ನೀನು ಮಾಡಿದ ಗೋಡೆ ನೋಡ್ಬೇಕು. ಮೊಣಕಾಲು ನೋವು ಅಂತ ತಪ್ಪಿಸ್ಕೊಳ್ಳೋಣ ಅಂತಿದ್ದೆ" ಅಂದಳು. ಬೀರುವಿನಿಂದ ನೀಲಿ ಕೋಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ತೋಳಿನ ಮೇಲಿನ ನೂಲೆಳೆಗಳನ್ನು ಹೆಕ್ಕತೊಡಗಿದಳು. ಅವಳು ಮನೆಯಲ್ಲೇ ಉಳಿಯುತ್ತಿದ್ದಳು, ನಾನು ನಿಜ ಹೇಳಿದ್ದರೆ. ಆಗಲಾದರೂ ಹೇಳಬಹುದಿತ್ತು. ಅವಳು ಆ ಕೋಟಿಗೆ ಒಪ್ಪುವ ತಲೆವಸ್ತ್ರ ಯಾವುದೆಂದು ಕೇಳಿದಳು. ಹಸಿರಿನದು ಎಂದೆ.

ಭಾನುವಾರದ ಬಲಿಪೂಜೆ ಮುಗಿದು ಊರು ಚರ್ಚಿನಿಂದ ನೇರವಾಗಿ ಬ್ಯಾರಕ್ಸಿಗೆ ಹತ್ತಿ ಬಂತು. ಅಜ್ಜಿ ಮೊದಲು ಬಟ್ಟೆ ಒಗೆಯುವ ಮನೆಗೆ ಕರೆದುಕೊಂಡು ಹೋಗು ಎಂದಳು. ಗೋಡೆಯ ಮೇಲೆ ಅಂಗೈ ಆಡಿಸಿದಳು. ಹಿಟ್ಟು ನಾದಿದ ಹದ ನೋಡುವವಳ ಹಾಗೆ ಒತ್ತಿ ನೋಡಿದಳು.

"ನಯವಾಗಿದೆ" ಅಂದಳು. ಆಮೇಲೆ, ಹಂಡೆಯ ಕಡೆಗೆ ನೋಡುತ್ತ, "ಇಲ್ಲಿ ಒಬ್ರ ಮುಖ ಒಬ್ರಿಗೆ ಕಾಣದಷ್ಟು ಹಬೆ ಇರ್ತಿತ್ತಂತೆ. ಒಳಗೆ ಬಂದ್ರೆ ಹಾಡು ಹೇಳೋರಂತೆ ಎಲ್ರೂ, ಯಾರು ಹಾಡ್ತಿರೋದು ಅಂತಾನೇ ಗೊತ್ತಾಗ್ತಿರ್ಲಿಲ್ಲವಂತೆ" ಅಂದಳು.

ತನ್ನ ಅಮ್ಮನ ಬಗ್ಗೆ ಅವಳು ನನಗೆ ಹೇಳಿದ ಮೊದಲ ಮಾತು ಅದು, ಬೆಂಚಿನದು ಬಿಟ್ಟರೆ. ನನ್ನ ತೋಳು ಹಿಡಿದುಕೊಂಡು ಹಜಾರಕ್ಕೆ ಬಂದಳು. ಹಿಂದಿನ ಸಾಲಿನ ಕಡೆಗೆ ಹೊರಟವಳನ್ನು ಕನ್ಸೆಪ್ಟಾ ಕೈಬೀಸಿ ಕರೆದಳು. "ಇಲ್ಲಿ ಬನ್ನಿ ಮಿಸೆಸ್ ಲೇಸಿ, ನಿಮಗೇ ಅಂತ ಹಿಡ್ದಿದೀನಿ. ಇವಳ ಗೋಡೆ ನೋಡಿದ್ರಾ? ನನ್ನ ಗೋಡೆ ನೋಡ್ಬೇಡಿ ಮತ್ತೆ, ಹಾವು ಹರಿದಂಗಿದೆ." ಎಲ್ಲರಿಗಿಂತ ಮುಂದಿನ ಸಾಲು. ಅಜ್ಜಿ ಅನುಮಾನಿಸಿದಳು. ಆಮೇಲೆ ನನ್ನ ಕಡೆ ನೋಡಿ, ಹುಡುಗಿಯ ಹಾಗೆ ಹುಬ್ಬು ಹಾರಿಸಿ, ಹೋಗಿ ಕೂತಳು. ಕೋಟು ಸರಿಮಾಡಿಕೊಂಡಳು.

ಫಾದರ್ ಗೋಡೆಗಳಿಗೆ ತೀರ್ಥ ಚಿಮುಕಿಸಿದರು. ಮಕ್ಕಳು ಕೊಳಲು ಊದಿದರು. ಒಲೆಯಲ್ಲಿ ಬೆಂಕಿ ಹತ್ತಿಕೊಂಡು ಟರ್ಫಿನ ಹೊಗೆ ವಾಸನೆ ಹಜಾರವನ್ನೆಲ್ಲ ತುಂಬಿತು. ಡೊನಲ್ ಹೆಸರುಗಳನ್ನು ಓದತೊಡಗಿದರು. ಇಲ್ಲಿ ಸೆರೆಯಲ್ಲಿದ್ದು ಸತ್ತ ಒಬ್ಬನ ಮೊಮ್ಮಕ್ಕಳು ಎದ್ದರು. ಇಲ್ಲಿ ಹುಟ್ಟಿ ಬೆಳೆದ ಇಂಗ್ಲಿಷ್ ಸಾರ್ಜೆಂಟನ ಮನೆಯವರು ಲೀಡ್ಸ್‌ನಿಂದ ಬಂದಿದ್ದರು, ಅವರ ಹೆಂಟೆ ಕೈಜಾರಿ ಬಿದ್ದು ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ಒಬ್ಬೊಬ್ಬರು ವಾಪಸ್ ಬಂದಾಗಲೂ ಅವಳು ಅವರ ಕೈ ಮುಟ್ಟಿ "ಒಳ್ಳೇದಾಯ್ತು" ಅನ್ನುತ್ತಿದ್ದಳು.

ಆಮೇಲೆ ಡೊನಲ್ ಕನ್ನಡಕ ತೆಗೆದು ಜೇಬಿಗಿಟ್ಟರು.

"ಇನ್ನೊಂದು ಹೆಸರಿದೆ. ಇದನ್ನ ನೋಡ್ಕೊಂಡು ಓದ್ಬೇಕಾಗಿಲ್ಲ ನಾನು. ನಮ್ಮ ತಾತ ಅವ್ರಿಗೆ ಮಾಡಿದ್ದು ಈ ಊರಲ್ಲಿ ಎಲ್ರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಹದಿನೆಂಟು ವರ್ಷದ ಹುಡುಗಿ. ಮನೆ ಮಂದಿ ಹೊಟ್ಟೆಗೆ ಅಂತ ಬಟ್ಟೆ ಒಗೀತಿದ್ಲು. ನಾವು ಕ್ಷಮೆ ಕೇಳ್ಬೇಕು ಅಂದ್ರೆ ಕೇಳೋಕೆ ಅವ್ರಿಲ್ಲ. ಮ್ಯಾಡ್ಜ್ ಟೂಹಿ."

ನನ್ನ ತೋಳಿನ ಮೇಲಿದ್ದ ಅಜ್ಜಿಯ ಕೈ ಹಾಗೇ ಇತ್ತು. ಅವಳು ನಿಧಾನವಾಗಿ ತಿರುಗಿ ನನ್ನನ್ನು ನೋಡಿದಳು. ಬೈಯುವ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ನಾನು ಯಾರು ಎಂದು ಹುಡುಕುವ ಹಾಗಿತ್ತು. ನಾನು ನನ್ನ ಉಗುರುಗಳನ್ನು ನೋಡಿಕೊಂಡೆ. ಸಂದಿಯಲ್ಲಿ ಸುಣ್ಣ ಕೂತಿತ್ತು. ಅವಳು ಕೈ ತೆಗೆದಳು.

"ಅವ್ರ ಕಡೆಯೋರು ದಯವಿಟ್ಟು ಎದ್ದು ಬನ್ನಿ" ಅಂದರು ಡೊನಲ್. ಅವರೇ ಒಂದು ಹೆಂಟೆ ತಂದಿದ್ದರು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಯಾರೂ ನಮ್ಮ ಕಡೆ ತಿರುಗಲಿಲ್ಲ. ಇಡೀ ಊರು ತನ್ನ ತನ್ನ ಬೂಟು ನೋಡಿಕೊಂಡಿತು. ಅದು ನಮ್ಮೂರಿನ ಮರ್ಯಾದೆ. ಲೀಡ್ಸಿನವರು ಮಾತ್ರ, ಪಾಪ, ಕುತ್ತಿಗೆ ಚಾಚಿ ಅತ್ತ ಇತ್ತ ಹುಡುಕಿದರು. ಕನ್ಸೆಪ್ಟಾ ನನ್ನ ಪಕ್ಕೆಗೆ ತಿವಿದಳು. "ಏಳಿ, ಏಳಿ" ಎಂದು ಪಿಸುಗುಟ್ಟಿದವಳು ಅಜ್ಜಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಡೊನಲ್ ಇನ್ನೂ ನಗುಮುಖದಲ್ಲೇ ಕಾಯುತ್ತಿದ್ದರು. ಸಂಕೋಚ ಪಡುತ್ತಿದ್ದಾರೆ ಎಂದುಕೊಂಡಿರಬೇಕು.

"ಮನೆಗೆ ಹೋಗೋಣ" ಎಂದಳು ಅಜ್ಜಿ, ತುಟಿ ಅಲುಗದ ಹಾಗೆ.

ಹೋಗಬೇಕಾದರೆ ಏಳಬೇಕು. ಎದ್ದರೆ ಮ್ಯಾಡ್ಜ್ ಕಡೆಯವರು ನಾವೇ ಎಂದಾಗುತ್ತದೆ. ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೂತಿದ್ದೆವು, ಬಾಗಿಲು ಇಡೀ ಊರಿನ ಆಚೆಗಿತ್ತು. ಅವಳ ಕೈ ಕೋಟಿನ ಕೊನೆಯ ಗುಂಡಿಯನ್ನು ಹಿಡಿದು ತಿರುಚುತ್ತಿತ್ತು. ನಾನು ಎದ್ದು ಡೊನಲ್‌ಗೆ, ಇಲ್ಲ, ಅವಳು ಬೇಡ ಅಂದಿದ್ದಳು, ತಪ್ಪು ನನ್ನದು, ಎನ್ನಬಹುದಿತ್ತು. ಉಗುರಿನ ಸುಣ್ಣ ಕೆರೆಯುತ್ತ ಕೂತೇ ಇದ್ದೆ.

"ಮ್ಯಾಡ್ಜ್ ಕಡೆಯೋರು ಒಬ್ರಾದ್ರೂ ಬನ್ನಿ" ಎಂದರು ಡೊನಲ್ ಮತ್ತೆ, ಮೊದಲಿಗಿಂತ ಮೆಲ್ಲಗೆ.

ಬೆಂಕಿಯಲ್ಲಿ ಒಂದು ಹೆಂಟೆ ಒಡೆದು ಕುಸಿಯಿತು. ಅಜ್ಜಿ ನೆಟ್ಟಗೆ ಮುಂದೆಯೇ ನೋಡುತ್ತಿದ್ದಳು. ಈ ಸಲ ಅವಳ ದನಿ ಹಿಂದಿನ ಸಾಲುಗಳಿಗೂ ಕೇಳುವಷ್ಟು ಇತ್ತು.

"ಕ್ಲೀನಾ, ನನ್ನನ್ನ ಮನೆಗೆ ಕರ್ಕೊಂಡು ಹೋಗು."